ಮಗಳು ಓಡಿಸಿದ ಮನೆ

ಮನೆ ಕಟ್ಟಿದವರನ್ನು ಕಂಡಿದ್ದೇನೆ, ಮಾರಿದವರನ್ನು ಕಂಡಿದ್ದೇನೆ, ಮನೆ ಮುರಿದವರನ್ನೂ ಕಂಡಿದ್ದೇನೆ. ಮನೆಯನ್ನೇ ಓಡಿಸಿಕೊಂಡು ಹೋಗುವವರನ್ನು ಕಂಡದ್ದು ಮಾತ್ರ ಅಮೆರಿಕದಲ್ಲಿ. ಓಡಿಸಿದವಳು ನನ್ನ ಮಗಳೇ.

ಬೇಸಿಗೆ ರಜೆಯಲ್ಲಿ ಮಿನಿಯಾಪೊಲಿಸ್‌ನಲ್ಲಿರುವ ಅವಳ ಮನೆಗೆ ಹೋಗಿದ್ದೆ. ಮೇ ತಿಂಗಳ ಕೊನೆಯಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ಮಗಳು, ಅಳಿಯ ಒಂದು 'ಆರ್‌ವಿ' ಬಾಡಿಗೆಗೆ ತಂದರು. ಬಸ್ಸಿನಂಥ ಗಾಡಿಯೊಳಗೆ ಒಂದು ಸಂಸಾರ! ಗ್ಯಾಸ್ ಒಲೆ, ಫ್ರಿಜ್ಜು, ಹಗಲು ಬೆಂಚಾಗಿ ರಾತ್ರಿ ಮಂಚವಾಗುವ ಸೀಟು, ಮೂಲೆಯಲ್ಲಿ ಬಚ್ಚಲು. ಕುಡಿಯುವ ನೀರಿಗೊಂದು ತೊಟ್ಟಿ, ಪಾತ್ರೆ ತೊಳೆದ ನೀರಿಗೊಂದು, ಪಾಯಿಖಾನೆಗೊಂದು. ತೊಟ್ಟಿ ಬರಿದಾದರೆ ತುಂಬಬೇಕು, ತುಂಬಿದರೆ ಅದಕ್ಕೆಂದೇ ಇರುವ ಜಾಗ ಹುಡುಕಿ ಬರಿದು ಮಾಡಬೇಕು. ನೀರನ್ನು ಚೊಂಬಿನಲ್ಲಿ ಅಳೆದು ಬಳಸಿದ ಅರಸೀಕೆರೆಯವಳು ನಾನು. "ಅತ್ತೆ, ನೀವಿದ್ದರೆ ಒಂದು ತೊಟ್ಟಿ ನೀರು ವಾರ ಬರುತ್ತೆ," ಎಂದು ಅಳಿಯಂದಿರಿಂದ ಸರ್ಟಿಫಿಕೇಟು ಸಿಕ್ಕಿತು.

ಡುಲೂತ್ ಎಂಬ ಊರಿನವರೆಗೆ, ಸುಮಾರು 250 ಕಿ.ಮೀ., ಅವರೇ ಓಡಿಸಿದರು. ಇಳಿಜಾರಿನಲ್ಲಿ ಬರುತ್ತಿದ್ದಂತೆ ಲೇಕ್ ಸುಪೀರಿಯರ್ ಕಾಣಿಸಿತು. ನಮಗೆ ಕೆರೆಯೆಂದರೆ ಆಚೆಯ ಏರಿ ಕಾಣಬೇಕು, ಬೇಸಿಗೆಯಲ್ಲಿ ತಳವೂ ಕಾಣಬೇಕು. ಇದು ಹಾಗಲ್ಲ. ವಿಸ್ತೀರ್ಣ ಸುಮಾರು 82,000 ಚದರ ಕಿ.ಮೀ. ಕರ್ನಾಟಕವನ್ನು ಐದು ಪಾಲು ಮಾಡಿದರೆ ಎರಡು ಪಾಲಿಗಿಂತ ಹೆಚ್ಚು, ಅಷ್ಟೂ ಸಿಹಿನೀರು! ಅತಿ ಆಳವಿರುವಲ್ಲಿ 406 ಮೀಟರ್. ಅಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನ ಇದನ್ನು ಗಿಚಿಗಮಿ, ಅಂದರೆ ಮಹಾಸಾಗರ, ಎಂದು ಕರೆದರು. ಕಬ್ಬಿಣದ ಅದಿರು ಹೊರುವ ಹಡಗುಗಳು ಇದರ ಮೇಲೆ ಓಡಾಡುತ್ತವೆ.

"ಅಮ್ಮ, ಇನ್ನು ಮುಂದಕ್ಕೆ ನಾನು ಓಡಿಸ್ತೀನಿ," ಎಂದಳು ಮಗಳು. ನನ್ನ ಎದೆ ಧಸಕ್ಕೆಂದಿತು.

ಅದಕ್ಕೆ ಕಾರಣವಿದೆ. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮವರು ಬೆಳಿಗ್ಗೆ ಬೈಕಿನಲ್ಲಿ ಹೊರಟವರು ಮನೆಗೆ ಮರಳಲಿಲ್ಲ. ಮುಂದೆ ಅವಳು ಪಿಯುಸಿ ಓದುವಾಗ ಸ್ಕೂಟಿ ಕೇಳಿದಳು. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಗೆಳತಿಯರೆಲ್ಲ ಗಾಡಿಯಲ್ಲಿ ಹೋಗುವವರು. "ನನ್ನ ಜೀವ ಇರೋತನಕ ಈ ಮನೆಗೆ ಗಾಡಿ ಬರಲ್ಲ," ಎಂದೆ. ಅವಳು ಅಳಲಿಲ್ಲ, ವಾದ ಮಾಡಲಿಲ್ಲ. ಮರುವರ್ಷ ಮೈಸೂರಿನ ಹಾಸ್ಟೆಲ್ ಸೇರಿದಳು. ಆಮೇಲೆ ನಮ್ಮ ಮನೆಗೆ ಅವಳು ಬಂದದ್ದೆಲ್ಲ ನೆಂಟಳ ಹಾಗೆಯೇ.

ಈಗ ಅವಳ ಕೈಯಲ್ಲಿ 25 ಅಡಿ ಉದ್ದದ ಗಾಡಿ, ಒಳಗೆ ಐದು ವರ್ಷದ ಮೊಮ್ಮಗಳು. 61ನೇ ಹೆದ್ದಾರಿ ಕೆರೆಯಂಚಿಗೇ ಸಾಗುತ್ತದೆ. ಟೂ ಹಾರ್ಬರ್ಸ್ ದಾಟಿದ ಮೇಲೆ ಬಂಡೆ ಕೊರೆದ ಸುರಂಗ ಬಂದಾಗ ನಾನು ಕಣ್ಣು ಮುಚ್ಚಿ ರಾಯರನ್ನು ನೆನೆದೆ. ಕಣ್ಣು ಬಿಟ್ಟಾಗ ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

ಸ್ಪ್ಲಿಟ್ ರಾಕ್ ದೀಪಸ್ತಂಭದ ಹತ್ತಿರ ಇಳಿದೆವು. ಕೆರೆಗೆ ದೀಪಸ್ತಂಭವೇ ಎಂದು ನಗು ಬಂದಿತ್ತು. ಅದರ ಕಥೆ ಕೇಳಿದ ಮೇಲೆ ನಗು ಉಳಿಯಲಿಲ್ಲ. 1905ರ ನವೆಂಬರ್ ತಿಂಗಳ ಬಿರುಗಾಳಿಯಲ್ಲಿ ಈ ಸರೋವರದ ಎಷ್ಟೋ ಹಡಗುಗಳು ಬಂಡೆಗೆ ಬಡಿದವು, ದಡಕ್ಕೆ ಎಸೆಯಲ್ಪಟ್ಟವು. ಹಾಗೆಂದು ಹಡಗು ಬಿಡುವುದನ್ನು ಯಾರೂ ನಿಲ್ಲಿಸಲಿಲ್ಲ. ಕಡಿದಾದ ಬಂಡೆಯ ನೆತ್ತಿಯಲ್ಲಿ 1910ರಲ್ಲಿ ದೀಪ ಹಚ್ಚಿದರು. ಹಡಗುಗಳಿಗೆ ಬೇರೆ ಸಾಧನಗಳು ಬಂದು 1969ರಲ್ಲಿ ಅದರ ಕೆಲಸ ಮುಗಿಯಿತು. ಆದರೂ 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಸ್‌ಜೆರಾಲ್ಡ್ ಎಂಬ ದೊಡ್ಡ ಹಡಗು ಇದೇ ಸರೋವರದ ಇನ್ನೊಂದು ತುದಿಯಲ್ಲಿ ಮುಳುಗಿತು. ಅದರಲ್ಲಿದ್ದ 29 ಜನರಲ್ಲಿ ಒಬ್ಬರೂ ಬದುಕಲಿಲ್ಲ. ಪ್ರತಿವರ್ಷ ಆ ದಿನ ಅವರ ನೆನಪಿಗೆ ಈ ದೀಪ ಬೆಳಗಿಸುತ್ತಾರೆ.

ರಾತ್ರಿ ದಡದ ಶಿಬಿರದಲ್ಲಿ ಗಾಡಿ ನಿಲ್ಲಿಸಿದೆವು. ಮೇ ತಿಂಗಳಲ್ಲೂ ಹಲ್ಲು ಕಟಕಟಿಸುವ ಚಳಿ. ಮೊಮ್ಮಗಳು ಹಗಲೆಲ್ಲ ಆರಿಸಿದ ಕೆಂಪು ಅಗೇಟ್ ಕಲ್ಲುಗಳನ್ನು ಹಿಡಿದುಕೊಂಡೇ ನಿದ್ದೆಹೋದಳು. ಮಗಳೂ ನಾನೂ ಹೊರಗೆ ಬೆಂಕಿಯ ಮುಂದೆ ಕೂತಿದ್ದೆವು. ಅಲೆಗಳ ಸದ್ದು ಥೇಟ್ ಸಮುದ್ರದ್ದೇ.

"ನಿಂಗೆ ಅವತ್ತು ಸ್ಕೂಟಿ ಕೊಡಿಸಬೇಕಿತ್ತು ಕಣೆ," ಎಂದೆ. ಇಷ್ಟು ಹೇಳುವುದಕ್ಕೆ ನನಗೆ ಹದಿನೈದು ವರ್ಷ ಹಿಡಿಯಿತು.

ಅವಳು ಸ್ವಲ್ಪ ಹೊತ್ತು ಕೊಳ್ಳಿಯನ್ನು ಕೆದಕುತ್ತಿದ್ದಳು. "ಸ್ಕೂಟಿಗಲ್ಲಮ್ಮ ನನಗೆ ಬೇಜಾರಾಗಿದ್ದು. ಅಪ್ಪ ಹೋದ ದುಃಖ ನಿನಗೊಬ್ಬಳಿಗೇ ಅನ್ನೋ ಥರ ಇದ್ದೆ ನೀನು. ನನಗೂ ಭಯ ಇತ್ತು. ನೀನು ಕೇಳಲೇ ಇಲ್ಲ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಕೈ ತಣ್ಣಗಿತ್ತು. ನನ್ನ ಶಾಲಿನೊಳಗೆ ಎಳೆದುಕೊಂಡೆ.

ಮರುದಿನ ನಾನೇ ಹೋಗಿ ಅವಳ ಪಕ್ಕದ ಸೀಟಿನಲ್ಲಿ ಕೂತೆ. ಭಯ ಹೋಗಿತ್ತೆಂದರೆ ಸುಳ್ಳಾದೀತು. "ನಿಧಾನ ಕಣೆ" ಎಂದು ಎಷ್ಟು ಸಲ ಅಂದೆನೋ, ಸಂಜೆಯ ಹೊತ್ತಿಗೆ ಮೊಮ್ಮಗಳೂ ಹಿಂದಿನಿಂದ "ನಿಧಾನ ಕಣೆ" ಎನ್ನತೊಡಗಿದಳು. ಆದರೆ ಸುರಂಗ ಬಂದಾಗ ಈ ಸಲ ಕಣ್ಣು ಮುಚ್ಚಲಿಲ್ಲ.

ಊರಿಗೆ ಬಂದು ಶಾಲೆ ತೆರೆದ ಮೇಲೆ ಸಹೋದ್ಯೋಗಿಯೊಬ್ಬರು ಕೇಳಿದರು, "ಮೇಡಂ, ಮಗಳು ಗಾಡಿ ಬೇಕು ಅಂತ ಹಟ ಹಿಡಿದಿದ್ದಾಳೆ. ಏನು ಮಾಡಲಿ?"

"ಹದಿನೆಂಟು ತುಂಬಿದೆಯಲ್ಲ, ಲೈಸೆನ್ಸ್ ಮಾಡಿಸಿ, ಒಳ್ಳೆ ಹೆಲ್ಮೆಟ್ ಕೊಡಿಸಿ," ಎಂದೆ. "ಆಮೇಲೆ ಸಂಜೆ ವರಾಂಡದ ದೀಪ ಹಾಕಿ ಕೂತಿರಿ. ಅವಳು ಬರೋತನಕ ಭಯ ಆಗುತ್ತೆ, ಆಗಲಿ. ನಿಮಗೆ ಭಯ ಅಂತ ಅವಳಿಗೂ ಹೇಳಿ."