ಪಾಲು ಮತ್ತು ಪತ್ರ
ಅಳಿಯಕಟ್ಟನ್ನು ಅನುಸರಿಸುತ್ತಿದ್ದ ದಕ್ಷಿಣ ಕನ್ನಡದ ಜೈನ ಕುಟುಂಬಗಳಲ್ಲಿ, ಎಲ್ಲರೂ ಒಪ್ಪಿದ ಹೊರತು, ಆಸ್ತಿ ಪಾಲಾಗುತ್ತಿರಲಿಲ್ಲ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕನ್ನಿತ್ತಿತು. ಅಂದಿನಿಂದ ಮಂಗಳೂರಿನ ಹಳೆಯ ಮನೆಗಳಿಗೊಂದು ಭಯ: ಮುನಿಸಿಕೊಂಡು ಬೇರೆಯಾದವನು ತನ್ನ ಅಂಶವನ್ನು ಪರರಿಗೆ ಮಾರಿದರೆ?

1882ರ ಸ್ವತ್ತು ವರ್ಗಾವಣೆ ಕಾಯಿದೆಯ 44ನೆಯ ಕಲಮಿನಂತೆ, ಕೊಂಡ ಪರಕೀಯನು ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಜಂಟಿ ಸ್ವಾಧೀನ ಕೇಳುವಂತಿಲ್ಲ. ಅವನು ವಿಭಾಗದ ದಾವೆ ಹೂಡಿದರೆ, 1893ರ ವಿಭಾಗ ಕಾಯಿದೆಯ 4ನೆಯ ಕಲಮಿನಂತೆ ಮನೆಯವರು ನ್ಯಾಯಾಲಯ ಕಟ್ಟಿದ ಬೆಲೆ ತೆತ್ತು ಆ ಅಂಶವನ್ನು ಕೊಳ್ಳಬಹುದು.

ಬೆಲೆ ತೆರಲೊಲ್ಲದವರು ಹಿಂದಿನ ತಾರೀಕು ಹಾಕಿದ ದಾನಪತ್ರವನ್ನು ಹುಟ್ಟಿಸುತ್ತಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಇಂತಹ ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಪರಕೀಯನನ್ನು ತಡೆಯಲೆಂದು ಬರೆದ ಆ ಪತ್ರವು ಕೊನೆಗೆ ಕಸಿಯುವುದು, ಒಂದು ಕಾಲಕ್ಕೆ ಸಂತಾನವೇ ಯಾರಿಂದ ನಡೆಯುತ್ತಿತ್ತೋ ಆ ಸೋದರಿಯ ಪಾಲನ್ನು.