ಎರಡು ಚಮಚ, ಒಂದು ಕೆಂಪು ದೀಪ

ನಮ್ಮಮ್ಮ ನಾಗಮಂಗಲದಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 76. ಕಿವಿ ಮಂದ, ಉಳಿದದ್ದೆಲ್ಲ ಗಟ್ಟಿ. ತೊಂದರೆಯೆಲ್ಲಾ ಬೋರ್‌ವೆಲ್ ಮೋಟಾರಿನದು. ಸ್ವಿಚ್ ಹಾಕಿ ಅವರೆಕಾಯಿ ಸುಲಿಯುತ್ತಾ ಕೂತರೆಂದರೆ ಮೋಟಾರಿನ ನೆನಪೇ ಇರುವುದಿಲ್ಲ. ತಾರಸಿಯ ಟ್ಯಾಂಕು ತುಂಬಿ ಮೆಟ್ಟಿಲ ಮೇಲೆಲ್ಲ ನೀರು ಹರಿಯುತ್ತದೆ. ಹೋದ ವರ್ಷ ಆ ನೀರಿನಲ್ಲೇ ಕಾಲು ಜಾರಿ ಮಣಿಕಟ್ಟು ಮುರಿದುಕೊಂಡರು. ಬೆಂಗಳೂರಿನಿಂದ ಅಣ್ಣ ಓಡಿ ಬಂದ. "ಸಾಕು, ಈ ಮನೆ ಮಾರಿಬಿಡೋಣ. ಅಮ್ಮ ನನ್ನ ಜೊತೆ ಇರಲಿ" ಅಂದ. ಅವನ ಮಾತು ತಪ್ಪು ಅನ್ನಲಾರೆ. ಆದರೆ ಅಮ್ಮ ಆ ರಾತ್ರಿ ತಟ್ಟೆ ಮುಂದೆ ಕೂತು ಹಾಗೇ ಎದ್ದುಹೋದರು.

ಟ್ಯಾಂಕು ತುಂಬಿದರೆ ಕೂಗುವ ಅಲಾರಂ ಅಂಗಡಿಯಲ್ಲಿ ಸಿಗುವುದಿಲ್ಲವೇ ಅಂತೀರಾ? ಸಿಗುತ್ತದೆ. ಅಣ್ಣನೇ ತಂದು ಹಾಕಿದ್ದ. ಅಮ್ಮನಿಗೆ ಕೇಳಿಸದು, ಪಕ್ಕದ ಮನೆಯ ಕೂಸು ಮಾತ್ರ ನಿದ್ದೆಯಿಂದೆದ್ದು ಅಳುತ್ತಿತ್ತು! ಮೋಟಾರನ್ನು ತಾನೇ ಆರಿಸುವ ಪೆಟ್ಟಿಗೆ ಹಾಕಿಸೋಣವೆಂದರೆ ಅಮ್ಮ ಸುತರಾಂ ಒಪ್ಪಲಿಲ್ಲ. "ನನ್ನ ಮನೆ ಸ್ವಿಚ್ಚ ನಾನೇ ಆರಿಸ್ತೀನಿ ಕಣವ್ವ. ಅದಕ್ಕೂ ಒಂದು ಆಳು ಬೇಕಾ?" ಅಂದರು.

ನಮ್ಮ ಮನೆ ಶ್ರೀರಂಗಪಟ್ಟಣದಲ್ಲಿ. ಕೆಲಸಕ್ಕೆಂದು ಊರು ಬಿಟ್ಟ ಮಗ ಅಟ್ಟದ ಮೇಲೆ ಒಂದು ಡಬ್ಬ ಬಿಟ್ಟುಹೋಗಿದ್ದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದಂತೆ. ಧೂಳು ಹೊಡೆದು ನೋಡಿದರೆ ಅಂಗೈಯಗಲದ ನೀಲಿ ಹಲಗೆ, ಅದರ ಮೇಲೊಂದು ಕರಿ ಜಿರಳೆಯಂಥ ಚಿಪ್ಪು. ಆರ್ಡುಯಿನೊ ಎಂದು ಇದರ ಹೆಸರು. 2005ರಲ್ಲಿ ಇಟಲಿಯ ಇವ್ರಿಯಾ ಊರಿನಲ್ಲಿ, ಎಲೆಕ್ಟ್ರಾನಿಕ್ಸ್ ಓದಿರದ ವಿದ್ಯಾರ್ಥಿಗಳಿಗಾಗಿಯೇ ಮಾಡಿದ್ದು. ಏನೂ ತಿಳಿಯದವರಿಗೆಂದ ಮೇಲೆ ನನಗೇ ಅಲ್ಲವೇ! ಪಿಯುಸಿಯಲ್ಲಿ ಸೈನ್ಸ್ ಓದುತ್ತಿದ್ದಾಗಲೇ ಮದುವೆಯಾಗಿ ಬಂದವಳು ನಾನು. ಪುಸ್ತಕಗಳನ್ನೆಲ್ಲ ತಂಗಿಗೆ ಕೊಟ್ಟು ಬಂದಿದ್ದೆ.

ಆ ತಂಗಿ ಈಗ ಕೆ.ಆರ್. ಪೇಟೆಯಲ್ಲಿದ್ದಾಳೆ. ಅವಳ ಮಗ ಒಂಬತ್ತನೇ ಕ್ಲಾಸು. ನನಗೆ ಗುರು ಸಿಕ್ಕಿದ್ದು ಅವನೇ, ಅದೂ ಫೋನಿನಲ್ಲಿ. "ದೊಡ್ಡಮ್ಮ, ಕೊನೆಗೆ ಸೆಮಿಕೋಲನ್ ಹಾಕಿದ್ರಾ?" ಅಂತ ಅವನು ದಿನಾ ಬಯ್ಯುವುದು, ನಾನು ಕನ್ನಡಕ ಸರಿಮಾಡಿಕೊಂಡು ಹುಡುಕುವುದು. ಒಂದು ಚುಕ್ಕೆ ತಪ್ಪಿದರೂ ಚಿಪ್ಪಿಗೆ ನಮ್ಮ ಮಾತು ತಿಳಿಯುವುದಿಲ್ಲ. ನಮ್ಮವರು ಪೇಪರಿನ ಮೇಲಿಂದ ಇಣುಕಿ, "ಈ ವಯಸ್ಸಲ್ಲಿ ಇದ್ಯಾಕೆ? ಕರೆಂಟ್ ಹೊಡ್ಸ್ಕೊಂಡ್ರೆ?" ಅಂದರು. ಇದು ಮೊಬೈಲ್ ಚಾರ್ಜರಿನ 5 ವೋಲ್ಟು, ಮೋಟಾರಿನ ತಂತಿ ನಾನು ಮುಟ್ಟುವುದಿಲ್ಲ ಎಂದು ಮೇಲೆ ಆಣೆ ಇಟ್ಟು ಹೇಳಬೇಕಾಯಿತು. ನೀವೂ ಮುಟ್ಟಬೇಡಿ. ಅದು ಎಲೆಕ್ಟ್ರಿಷಿಯನ್ ಕೆಲಸ.

ಅಡುಗೆ ಬಲ್ಲವರಿಗೆ ಪ್ರೋಗ್ರಾಮ್ ಎಂದರೆ ಅಂಥ ಬ್ರಹ್ಮವಿದ್ಯೆಯೇನಲ್ಲ. ಅದರಲ್ಲಿ ಎರಡು ಭಾಗ. ಮೊದಲನೆಯದು ಸೆಟಪ್. ಒಲೆ ಹಚ್ಚಿ ಹೆಂಚು ಇಟ್ಟ ಹಾಗೆ, ಒಂದೇ ಸಲ. ಎರಡನೆಯದು ಲೂಪ್. ಹಿಟ್ಟು ಹುಯ್ಯಿ, ಮುಚ್ಚು, ತೆಗಿ, ಮತ್ತೆ ಹುಯ್ಯಿ ಅಂತ ಕರೆಂಟು ಇರುವ ತನಕ ದೋಸೆ ಮೇಲೆ ದೋಸೆ. ಚಿಪ್ಪು ಬೇಸರವಿಲ್ಲದೆ ಮಾಡುತ್ತಲೇ ಇರುತ್ತದೆ. (ನಮ್ಮ ಹಾಗೆ ಅಂತ ಬರೆಯೋಣವೆನ್ನಿಸಿತು. ಆದರೆ ನಮಗೆ ಬೇಸರವಾಗುತ್ತದಲ್ಲ.)

ಉಪಾಯ ಇಷ್ಟೆ. ಟ್ಯಾಂಕಿನ ಮೇಲ್ಭಾಗದಲ್ಲಿ ಎರಡು ಲೋಹದ ತುದಿಗಳನ್ನು ಇಳಿಬಿಡಬೇಕು. ನೀರು ಎರಡನ್ನೂ ಮುಟ್ಟಿದರೆ ಅದರ ಮೂಲಕ ಸ್ವಲ್ಪ ವಿದ್ಯುತ್ತು ಹಾಯುತ್ತದೆ. ಎಷ್ಟು ಹಾಯಿತೆಂಬುದನ್ನು ಚಿಪ್ಪು 0ಯಿಂದ 1023ರವರೆಗಿನ ಅಂಕಿಯಾಗಿ ಹೇಳುತ್ತದೆ. ಅಡುಗೆಮನೆಯಲ್ಲೇ ಬಟ್ಟಲಿಟ್ಟು ಪರೀಕ್ಷಿಸಿದೆ. ಒಣಗಿದ್ದಾಗ ಸೊನ್ನೆಯ ಆಸುಪಾಸು. ಫಿಲ್ಟರ್ ನೀರಿಗೆ 60, 70. ನಲ್ಲಿ ನೀರಿಗೆ 200 ಚಿಲ್ಲರೆ. ಒಂದು ಚಿಟಿಕೆ ಉಪ್ಪು ಹಾಕಿದೆ ನೋಡಿ, 600 ದಾಟಿತು! ನೀರಿನಲ್ಲಿ ಲವಣ ಹೆಚ್ಚಿದಷ್ಟೂ ವಿದ್ಯುತ್ತು ಸುಲಭವಾಗಿ ಹಾಯುತ್ತದಂತೆ. ನಾಗಮಂಗಲದ ಬೋರ್ ನೀರು ಬೇಳೆ ಬೇಯದಷ್ಟು ಗಡಸು. ಹುಡುಗಿಯಾಗಿದ್ದಾಗಿನಿಂದ ಬಯ್ದುಕೊಂಡಿದ್ದ ಆ ನೀರು ಈಗ ನನ್ನ ಉಪಕಾರಕ್ಕೆ ಬಂತು. ಅಂಕಿ 100 ದಾಟಿದರೆ 'ಒದ್ದೆ' ಎಂದು ಬರೆದೆ.

ಮೊದಲು ತಾಮ್ರದ ತಂತಿಯನ್ನೇ ಬಕೆಟ್ಟಿನಲ್ಲಿ ಇಳಿಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಒಂದು ತಂತಿ ಹಸಿರು ಹಿಡಿದು ಸವೆದಿದೆ, ನೀರಿಗೂ ಬಣ್ಣ ಬಂದಿದೆ. ಎದೆ ಧಸಕ್ಕೆಂದಿತು. ಇದು ಅಮ್ಮ ಬಳಸುವ ನೀರು! ವಿದ್ಯುತ್ತು ಬಿಡದೆ ಹರಿದರೆ ಲೋಹ ಕರಗಿ ನೀರಿಗೆ ಸೇರುತ್ತದೆ. ಎರಡು ದಿನ ಡಬ್ಬ ಮುಚ್ಚಿಟ್ಟೆ. ಕೊನೆಗೆ ತಾಮ್ರ ಬಿಟ್ಟು ನನ್ನ ಮದುವೆಯ ಸ್ಟೀಲ್ ಸೆಟ್ಟಿನ ಎರಡು ಚಮಚ ಕಟ್ಟಿದೆ. ವಿದ್ಯುತ್ತು ಸದಾ ಹರಿಯದೆ 5 ಸೆಕೆಂಡಿಗೊಮ್ಮೆ ಕ್ಷಣ ಮಾತ್ರ ಹರಿದು ನಿಲ್ಲುವಂತೆ ಪ್ರೋಗ್ರಾಮ್ ತಿದ್ದಿದೆ. ವಾರಗಟ್ಟಲೆ ಬಕೆಟ್ಟಿನಲ್ಲಿಟ್ಟೆ, ಚಮಚ ಬೆಳ್ಳಗೇ ಇತ್ತು.

ನಮ್ಮೂರಿಗೆ ಹತ್ತಿರದ ಕನ್ನಂಬಾಡಿಯಲ್ಲಿ ವಿಶ್ವೇಶ್ವರಯ್ಯನವರು ರೂಪಿಸಿದ ಬಾಗಿಲುಗಳ ಮಾತು ಆಗ ನೆನಪಾಗುತ್ತಿತ್ತು. ನೀರು ಮಟ್ಟ ದಾಟಿದರೆ ತಾವಾಗಿಯೇ ತೆರೆಯುವ ಬಾಗಿಲುಗಳನ್ನು ಅವರು ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿ 1903ರಲ್ಲೇ ಹಾಕಿಸಿದ್ದರು. ಚಿಪ್ಪಿಲ್ಲ, ಪ್ರೋಗ್ರಾಮಿಲ್ಲ, ಬರೀ ಭಾರ ಮತ್ತು ನೀರಿನ ಲೆಕ್ಕಾಚಾರ!

ಬಸ್ಸಿನಲ್ಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಪಾಂಡವಪುರ, ಜಕ್ಕನಹಳ್ಳಿ ದಾಟಿ ಅಮ್ಮನ ಮನೆ ಸೇರಿದೆ. ಪಕ್ಕದ ಮನೆ ಹುಡುಗ ಟ್ಯಾಂಕಿಗೆ ಹತ್ತಿ ಚಮಚ ಕಟ್ಟಿದ. ಅಮ್ಮ ಕೂರುವ ಜಾಗದ ಎದುರು, ದೇವರ ಗೂಡಿನ ಪಕ್ಕ ಕೆಂಪು ದೀಪ. ಮೋಟಾರ್ ಹಾಕಿದೆವು. ಟ್ಯಾಂಕು ಅರ್ಧವೂ ತುಂಬಿರಲಿಲ್ಲ, ದೀಪ ಮಿಣಮಿಣ ಎಂದಿತು! ಪೈಪಿನ ನೀರು ಸಿಡಿದು ಚಮಚ ಒದ್ದೆಯಾಗುತ್ತಿತ್ತು. ಅಲ್ಲೇ ಮಗನ ಹಳೇ ಲ್ಯಾಪ್‌ಟಾಪ್ ತೆಗೆದು, ಸತತ ಮೂರು ಸಲ 'ಒದ್ದೆ' ಬಂದರೆ ಮಾತ್ರ ದೀಪ ಹತ್ತಲಿ ಎಂದು ಸೇರಿಸಿದೆ. ಗುರುವನ್ನು ಕೇಳಲಿಲ್ಲ. ಆಮೇಲೆ ಹೇಳಿದಾಗ ಅವನು "ಸೂಪರ್ ದೊಡ್ಡಮ್ಮ" ಅಂದ.

ಟ್ಯಾಂಕು ತುಂಬಿತು, ದೀಪ ಹತ್ತಿತು. ಅಮ್ಮ ಅವರೆಕಾಯಿ ಮೊರ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು, ಹೋಗಿ ಸ್ವಿಚ್ ಆರಿಸಿ ಬಂದರು. "ಚಮಚ ಎರಡು ಹೋಯ್ತಲ್ಲವ್ವ, ಸೆಟ್ಟು ಕೆಡ್ತಲ್ಲ" ಅಂದರು. ಅಷ್ಟೇ.

ಹದಿನೈದು ದಿನ ಬಿಟ್ಟು ಮತ್ತೆ ನೀರು ಹರಿಯಿತು. ಹೋಗಿ ನೋಡಿದರೆ ಚಾರ್ಜರೇ ಆಫ್! ಕರೆಂಟು ಬಿಲ್ಲು ಬರುತ್ತದೆಂದು ರಾತ್ರಿ ಆರಿಸಿ, ಬೆಳಿಗ್ಗೆ ಹಾಕುವುದನ್ನು ಮರೆತಿದ್ದರು. ಈಗ ಆ ಸ್ವಿಚ್ಚಿನ ಮೇಲೆ ಪ್ಲಾಸ್ಟರ್ ಅಂಟಿಸಿ, ಕುಂಕುಮದ ಬೊಟ್ಟಿಟ್ಟು ಬಂದಿದ್ದೇನೆ. ಬೊಟ್ಟಿಟ್ಟದ್ದನ್ನು ಅಮ್ಮ ಮುಟ್ಟುವುದಿಲ್ಲ.

ಮನೆ ಮಾರುವ ಮಾತನ್ನು ಅಣ್ಣ ಯುಗಾದಿಗೆ ಮುಂದೂಡಿದ್ದಾನೆ. ತನಗೂ ಒಂದು ದೀಪ ಬೇಕೆಂದು ಕೆ.ಆರ್. ಪೇಟೆಯಿಂದ ತಂಗಿ ಹೇಳಿಕಳಿಸಿದ್ದಾಳೆ. ಚಮಚ ಅವಳದೇ ಇರಲಿ ಎಂದಿದ್ದೇನೆ.