ರಾಗಿಯ ಮರ್ಯಾದೆ

ಅವ್ವನಿಗೆ ಶುಗರ್ ಅಂತ ಗೊತ್ತಾದ ಮೇಲೆ ಬಿಳಿಚೋಡಿಗೆ ಹೋಗುವಾಗ ಒಂದು ಪ್ಯಾಕೆಟ್ ರಾಗಿ ಹಿಟ್ಟು ಒಯ್ದೆ. ಮೇಲೆ ದೊಡ್ಡದಾಗಿ ‘ಸಿರಿಧಾನ್ಯ’ ಅಂತಿತ್ತು. "ನಾವೇ ಬೆಳೀತಿದ್ವಲ್ಲೋ, ದುಡ್ಡು ಕೊಟ್ಟು ತಂದ್ಯಾ?" ಅಂದಳು. ನಮ್ಮ ಹೊಲದಲ್ಲೀಗ ಬರೀ ಮೆಕ್ಕೆಜೋಳ.

ಕನಕದಾಸರ ‘ರಾಮಧಾನ್ಯ ಚರಿತೆ’ ನೆನಪಾಯ್ತು. ಅದರಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚೆಂದು ಜಗಳ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತೆ, ರಾಗಿ ಗಟ್ಟಿಯಾಗಿ ಉಳಿಯುತ್ತೆ. ಮೆಚ್ಚಿದ ರಾಮ ಅದಕ್ಕೆ ‘ರಾಘವ’ ಅಂತ ತನ್ನ ಹೆಸರನ್ನೇ ಕೊಡುತ್ತಾನೆ. ಬಡವರ ತಟ್ಟೆಗೆ ಸಿಕ್ಕ ಮರ್ಯಾದೆ ಅದು.

ನಮ್ಮ ಮನೆಯ ತೀರ್ಪು ಮಾತ್ರ ಉಲ್ಟಾ. ನೆಂಟರಿಗೆ ಅನ್ನ, ನಮಗೆ ಮುದ್ದೆ. ಶಾಲೆಯಲ್ಲಿ ಕೇಳಿದರೆ ನಾನು "ಅನ್ನ ಉಂಡೆ" ಅಂತ ಸುಳ್ಳು ಹೇಳ್ತಿದ್ದೆ.

2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತು. ಪೇಟೆಯವರಿಗೆ ರಾಗಿಯೀಗ ಪಥ್ಯದ ಪ್ರಸಾದ. ಆದರೆ ಅವ್ವನಿಗೆ?

ಆ ರಾತ್ರಿ ಮುದ್ದೆ ಉಣ್ತಾ ಕೂತಿದ್ವಿ. ಬಾಗಿಲಲ್ಲಿ ಪಕ್ಕದ ಮನೆಯವರು ಕಂಡರು. ಅವ್ವನ ಎಡಗೈ ತಂತಾನೇ ಸೆರಗೆಳೆದು ತಟ್ಟೆ ಮುಚ್ಚಿತು.